ಜೆದ್ದಾದ ಐಸಿನ ಮೇಲೆ ಹೆಣ್ಣುಮಕ್ಕಳ ಹಾಕಿ

ಅಜೀಜಿಯಾ

ಸೌದಿಗೆ ಹೋಗಿ ಬಂದೆ ಎಂದರೆ ಧಾರವಾಡದಲ್ಲಿ ಮೊದಲು ಮಕ್ಕಾದ ಮಾತು ಕೇಳುತ್ತಾರೆ, ಆಮೇಲೆ ಖರ್ಜೂರದ್ದು. ಎರಡಕ್ಕೂ ಉತ್ತರ ಹೇಳುತ್ತೇನೆ. ಆಮೇಲೆ ನಾನೇ ಐಸಿನ ಮಾತು ತೆಗೆದರೆ ಕೇಳುವವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮರಳುಗಾಡಿನ ದೇಶದಲ್ಲಿ ಒಂದು ಐಸಿನ ಅಂಗಳ ಇತ್ತು, ಅದರ ಮೇಲೆ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳು ಹಾಕಿ ಆಡುತ್ತಿದ್ದರು, ನನ್ನ ಅಕ್ಕ ಅವರ ಗೋಲ್‌ಕೀಪರ್ ಆಗಿದ್ದಳು, ಅಲ್ಲಿ ಅವಳು ಸಾಯುವುದರಲ್ಲಿದ್ದಳು. ಇಷ್ಟನ್ನೂ ನಿಂತ ನಿಲುವಿನಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕನ ಹೆಸರು ಜುಬೇದಾ. ಮನೆಯಲ್ಲಿ ನಾನು ಆಪಾ ಎನ್ನುತ್ತೇನೆ. ಇಂಗ್ಲಿಷ್ ಎಂ.ಎ. ಮುಗಿಸಿ, ಮದುವೆಯಾಗಿ ಜೆದ್ದಾಕ್ಕೆ ಹೋದವಳು ಅಲ್ಲಿಯ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ವಿಭಾಗದಲ್ಲಿ ಪಾಠ ಹೇಳುತ್ತಿದ್ದಳು. ಎಂಬತ್ತರ ದಶಕದ ನಡುವಿನಲ್ಲಿ ನಾನು ಅಬ್ಬಾನ ಜೊತೆ ಉಮ್ರಾ ಯಾತ್ರೆಗೆ ಹೋದಾಗ, ಯಾತ್ರೆ ಮುಗಿಸಿಕೊಂಡು ಜೆದ್ದಾದ ಅಜೀಜಿಯಾ ಬಡಾವಣೆಯ ಅವಳ ಮನೆಯಲ್ಲಿ ಉಳಿದೆವು. ಅಬ್ಬಾ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಜೆದ್ದಾದ ಸೆಕೆಯಲ್ಲಿ ಕನ್ನಡಕದ ಗಾಜು ಮಂಜಾಗುವುದನ್ನು ಕಂಡು, 'ಸಮುದ್ರ ಇಲ್ಲಿ ಗಾಳಿಯೊಳಗಽ ಐತಿ' ಎಂದರು. ಬೆಳಿಗ್ಗೆ ಎದ್ದು ನೋಡಿದರೆ ನಿಂತ ಕಾರುಗಳ ಮೇಲೆಲ್ಲ ಬೆವರು.

ಧಾರವಾಡದ ಸಂತೆಯಲ್ಲಿ ನಾವು ಗುಟ್ಟಿನ ಮಾತನ್ನು ಉರ್ದುವಿನಲ್ಲಿ ಆಡುತ್ತೇವೆ. ಜೆದ್ದಾದಲ್ಲಿ ಅದು ತಿರುಗುಮುರುಗಾಯಿತು. ತರಕಾರಿ ಮಾರುವವನು, ಟ್ಯಾಕ್ಸಿಯವನು, ದರ್ಜಿ ಎಲ್ಲರೂ ಪಾಕಿಸ್ತಾನ ಇಲ್ಲವೆ ಹೈದರಾಬಾದಿನವರು. ಉರ್ದು ಎಲ್ಲರಿಗೂ ಬರುತ್ತದೆ. ಹಾಗಾಗಿ ಅಕ್ಕ ತಂಗಿಯರ ಗುಟ್ಟಿನ ಭಾಷೆ ಕನ್ನಡವಾಯಿತು. ಯಾರ ಮೂಗು ಹೇಗಿದೆ, ಯಾರು ಸುಳ್ಳು ತೂಗಿದ, ಎಲ್ಲವನ್ನೂ ಅವರೆದುರೇ ಗಟ್ಟಿಯಾಗಿ ಹೇಳಿಕೊಂಡು ನಗುತ್ತಿದ್ದೆವು.

ಒಂದು ಮಧ್ಯಾಹ್ನ ಬಟ್ಟೆ ಅಂಗಡಿಯಲ್ಲಿದ್ದಾಗ ಅಜಾನ್ ಆಯಿತು. ಅಂಗಡಿಯವನು ಥಾನುಗಳ ಹಿಂದೆ ಕುಳಿತಿದ್ದ ನಮ್ಮನ್ನು ನೋಡದೆ ಶಟರ್ ಎಳೆದು ನಮಾಜಿಗೆ ಹೋಗಿಬಿಟ್ಟ. ನಾನು ಶಟರ್ ಬಡಿಯಲು ಎದ್ದೆ. ಆಪಾ ಕೈ ಹಿಡಿದು ಕೂರಿಸಿದಳು.

'ಸುಮ್ನ ಕುಂದರು. ಈ ಊರಾಗ ಬಾಗಿಲಾ ಹಾಕಿದ್ರ ಗಾಬರಿ ಆಗಬಾರದು. ತಾವಽ ಬಂದು ತೆಗೀತಾರ.'

ಅವನು ಬಂದು ತೆಗೆದ. ನಮ್ಮನ್ನು ಕಂಡು ನಮಗಿಂತ ಅವನೇ ಹೆಚ್ಚು ಹೆದರಿದ.

ಐಸಿನ ಅಂಗಳ

ಸಮುದ್ರದ ದಂಡೆಯ ಹತ್ತಿರ ಒಂದು ಮನರಂಜನೆಯ ಪಾರ್ಕು. ಹೆಸರು ಬರೆಯುವುದಿಲ್ಲ. ತೊಟ್ಟಿಲು, ಪುಟ್ಟ ರೈಲು ದಾಟಿ ಹೋದರೆ ಕಿಟಕಿಯಿಲ್ಲದ ಉದ್ದನೆಯ ಕಟ್ಟಡ. ಅದರೊಳಗೆ ಐಸಿನ ಅಂಗಳ. ಧಾರವಾಡದಲ್ಲಿ ನಾನು ಕಂಡ ಅತಿ ದೊಡ್ಡ ಐಸು ಲಗ್ನದ ಮನೆಗೆ ತಟ್ಟಿನ ಚೀಲದಲ್ಲಿ, ಹೊಟ್ಟಿನೊಳಗೆ ಮುಚ್ಚಿ ತರುವ ಗಡ್ಡೆ. ಇಲ್ಲಿ ಅದನ್ನೇ ಫುಟ್‌ಬಾಲ್ ಆಡುವಷ್ಟು ಅಗಲ ಹಾಸಿದ್ದರು. ಹೊರಗೆ ಚಪ್ಪಲಿ ಅಂಟುವ ಬಿಸಿಲು, ಒಳಗೆ ಹಲ್ಲು ಕಟಕಟ.

ಗುರುವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಅದು ಹೆಂಗಸರಿಗೆ. ಆ ಹೊತ್ತಿನಲ್ಲಿ ಗಂಡುನೊಣವೂ ಒಳಗೆ ಬರುವಂತಿರಲಿಲ್ಲ. ಬಾಗಿಲ ಚಿಲಕ ಒಳಗಿನಿಂದ ಹಾಕಿ, ಅದರ ಮುಂದೆ ಕುರ್ಚಿ ಹಾಕಿಕೊಂಡು ಉಮ್ಮ್ ಸಾಲೆಹ್ ಎಂಬ ವಯಸ್ಸಾದ ವಿಧವೆ ಕೂರುತ್ತಿದ್ದಳು. ಗಂಟಲು ಡೋಲಿನಂಥದು. ಕರೆದೊಯ್ಯಲು ಬಂದ ಗಂಡಂದಿರು, ಡ್ರೈವರುಗಳು ಹೊರಗಿನಿಂದ ಬಾಗಿಲು ಬಡಿದು 'ಯಲ್ಲಾ, ಯಲ್ಲಾ' ಎಂದು ಅವಸರ ಮಾಡಿದರೆ ಅವಳು ಕೂತಲ್ಲಿಂದಲೇ ಗದರುತ್ತಿದ್ದಳು. ಬಾಗಿಲು ಬಡಿಯುವ ಸದ್ದಿಗೆ ಒಳಗಿನವರಾರೂ ತಲೆ ಎತ್ತುತ್ತಿರಲಿಲ್ಲ.

ತಂಡ ಕಟ್ಟಿದವಳು ಜೋನ್. ಕೆನಡಾದವಳು, ಆಪಾನ ವಿಭಾಗದಲ್ಲೇ ಕಲಿಸುತ್ತಿದ್ದಳು. ಎತ್ತರದ ಹೆಂಗಸು, ಮುಂದಿನ ಒಂದು ಹಲ್ಲು ಅರ್ಧ ಮುರಿದಿತ್ತು. ಅವಳ ಜೊತೆಗೆ ಕೆಲವು ಅಧ್ಯಾಪಕಿಯರು, ಹುದಾ ಎಂಬ ಸೌದಿ ವಿದ್ಯಾರ್ಥಿನಿ, ಅವಳ ಗೆಳತಿಯರು. ಕೊಕ್ಕೆಯ ಮೇಲೆ ಸಾಲಾಗಿ ಕಪ್ಪು ಅಬಾಯಾ ನಿಲುವಂಗಿಗಳನ್ನು ನೇತುಹಾಕಿ, ಗಂಡಂದಿರ, ಅಣ್ಣಂದಿರ ಸ್ವೆಟರ್ ತೊಟ್ಟು ಐಸಿಗೆ ಇಳಿಯುತ್ತಿದ್ದರು. ಚೆಂಡಿನ ಬದಲು ಇರುವ ಕಪ್ಪು ರಬ್ಬರ್ ಬಿಲ್ಲೆಗೆ ಪಕ್ ಎನ್ನುತ್ತಾರೆ. ಆಪಾ ಅದಕ್ಕೆ ತೂತಿಲ್ಲದ ಕರಕಲು ವಡೆ ಎಂದು ಹೆಸರಿಟ್ಟಿದ್ದಳು.

ಕಾಲೇಜಿನಲ್ಲಿ ಓಡುವ ಪಂದ್ಯಕ್ಕೂ ನಿಲ್ಲದಿದ್ದ ಆಪಾ ಗೋಲ್ ಕಾಯುತ್ತಿದ್ದಳು. ನನಗೆ ನಗು ಬಂತು.

'ನಗಬ್ಯಾಡ. ಓಡೂದ ಬರಂಗಿಲ್ಲ ಅಂತಽ ಇಲ್ಲೆ ನಿಲ್ಲಿಸ್ಯಾರ. ನಿಂತಽ ಆಡೂ ಆಟ ಇದೊಂದಽ ನೋಡು.'

ನಾನು ಒಂದು ಸಲ ಐಸಿಗೆ ಇಳಿದು, ಬಿದ್ದು, ಹುದಾಳನ್ನೂ ಬೀಳಿಸಿ, ಆಮೇಲೆ ಎಲ್ಲರ ಚೀಲ ಕಾಯುತ್ತ ಬೆಂಚಿನ ಮೇಲೆ ಕುಳಿತೆ.

ಬಟ್ಟೆ ಬದಲಿಸುವ ಕೋಣೆ

ಬೂಟಿನ ದಾರ ಬಿಗಿಯುತ್ತ ಜೋನ್ ತನ್ನ ವಿಶ್ವವಿದ್ಯಾಲಯದ ತಂಡದ ಚರಿತ್ರೆ ಹೇಳುತ್ತಿದ್ದಳು. ಒಂದೇ ದಿನ ಹೇಳಿ ಮುಗಿಸಿದ್ದಲ್ಲ. ಎಡಗಾಲಿನ ದಾರಕ್ಕೆ ಒಂದಿಷ್ಟು, ಬಲಗಾಲಿನದಕ್ಕೆ ಒಂದಿಷ್ಟು.

ಅವಳ ಅಜ್ಜಿಯ ಕಾಲದಲ್ಲಿ ಅಲ್ಲಿಯ ಹುಡುಗಿಯರು ಹಿಮ್ಮಡಿ ಮುಚ್ಚುವ ಉಣ್ಣೆಯ ಲಂಗ ತೊಟ್ಟು ಆಡುತ್ತಿದ್ದರಂತೆ. ಪಕ್ ಲಂಗದೊಳಗೆ ಹೋದರೆ ಹೊರಗೆ ಬರುತ್ತಿರಲಿಲ್ಲ. ಗೋಲ್ ಕಾಯುವವಳು ಲಂಗ ಹರಡಿ ಕುಕ್ಕರುಗಾಲಿನಲ್ಲಿ ಕೂತರೆ ಆಯಿತು, ಗೋಡೆ. ನೋಡಲು ಗಂಡಸರನ್ನು ಬಿಡುತ್ತಿರಲಿಲ್ಲ. ಆಮೇಲೆ ಯುದ್ಧ ಬಂತು. ಗಂಡಸರು ಹೋದರು, ಐಸು ಹೆಣ್ಣುಮಕ್ಕಳಿಗೆ ಸಿಕ್ಕಿತು. ಯುದ್ಧ ಮುಗಿಯಿತು. ಗಂಡಸರು ಬಂದರು, ಐಸು ಹೋಯಿತು. ತಂಡದ ಫೋಟೋಗಳನ್ನು ಯಾರೋ ನೆಲಮಾಳಿಗೆಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟರು. ಜೋನ್ ಓದುವಾಗ ಹುಡುಗಿಯರು ಮತ್ತೆ ಕೇಳಿದರು. ಐಸು ಯಾರಿಗೂ ಬೇಡವಾದ ಹೊತ್ತಿನಲ್ಲಿ ಆಡಿಕೊಳ್ಳಿ ಎಂದರಂತೆ ಅಧಿಕಾರಿಗಳು. ಹುಡುಗರು ತೊಟ್ಟು ಬಿಟ್ಟ ಹರಕು ಸ್ವೆಟರುಗಳಲ್ಲಿ, ಸೂರ್ಯ ಹುಟ್ಟುವ ಮೊದಲು ಆಡಿದರು. ಹಲ್ಲು ಮುರಿದದ್ದು ಆಗ.

'ಕೆನಡಾದಾಗೂ ಹಿಂಗಽ ಏನು!' ಎಂದಳು ಆಪಾ ನನ್ನ ಕಡೆ ತಿರುಗಿ. ಅವಳ ದನಿಯಲ್ಲಿ ಸ್ವಲ್ಪ ಸಮಾಧಾನ ಇತ್ತು.

ಹುದಾ ಲಂಗದ ಕಥೆಯನ್ನು ಅರಬ್ಬಿಯಲ್ಲಿ ಉಮ್ಮ್ ಸಾಲೆಹ್‌ಗೆ ಹೇಳಿದಳು. ಮುದುಕಿ ನಂಬಲಿಲ್ಲ. ಪರೀಕ್ಷೆ ಮಾಡಿಯೇ ನೋಡಬೇಕೆಂದು ಚಪ್ಪಲಿಯಲ್ಲೇ ಐಸಿನ ಅಂಚಿಗೆ ಇಳಿದು ತನ್ನ ಅಬಾಯಾ ಹರಡಿ ಕುಳಿತಳು. ಜೋನ್ ಮೆಲ್ಲಗೆ ಪಕ್ ಹೊಡೆದಳು. ಅದು ಅಬಾಯಾದೊಳಗೆ ಮಾಯವಾಯಿತು. ಮುದುಕಿ ಅದನ್ನು ಕೈಯಲ್ಲಿ ಎತ್ತಿ ತೋರಿಸಿ, ನಿಮ್ಮ ಎಂ.ಎ. ಗೋಲ್‌ಕೀಪರ್‌ಗಿಂತ ನಾನೇ ವಾಸಿ ಎಂದಳಂತೆ. ಹುದಾ ಅನುವಾದ ಮಾಡುವ ಮೊದಲೇ ನಮಗೆ ಅರ್ಥವಾಯಿತು.

ಬಲೆ

ಮುದುಕಿ ಐಸಿಗೆ ಇಳಿದ ದಿನವೇ ಆಟ ಮುಗಿಸಿ, ಅಬಾಯಾ ತೊಟ್ಟು, ಹೊರಗೆ ದೂಲ್ಹಾಭಾಯಿಯ, ಎಂದರೆ ನನ್ನ ಭಾವನ, ಕಾರಿಗಾಗಿ ನಿಂತಿದ್ದೆವು. ಐಸು ಮಾಡುವ ಯಂತ್ರದ ಕೋಣೆಯಿಂದ ದಪ್ಪ ಹೊಟ್ಟೆಯ ಒಬ್ಬ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ. ಆಪಾ ಎಂದಿನ ಧೈರ್ಯದಲ್ಲಿ ಹೇಳಿದಳು:

'ಇಂವನ ಹೊಟ್ಟಿ ನೋಡು. ಐಸೆಲ್ಲಾ ಇಂವನಽ ತಿಂದಂಗ ಕಾಣತೈತಿ.'

'ಹೊಟ್ಟೆ ಐಸಿನದ್ದಲ್ಲ ಮಾರಾಯ್ರೆ,' ಎಂದ ಅವನು, 'ಇಲ್ಲಿಯ ಕೋಳಿಯದ್ದು.'

ಆಪಾ ಮುಖಪರದೆ ಇಲ್ಲದ್ದಕ್ಕೆ ಮೊದಲ ಸಲ ಸಂಕಟಪಟ್ಟಳು. ಅಷ್ಟರಲ್ಲಿ ದೂಲ್ಹಾಭಾಯಿ ಬಂದರು, ಮಾತು ಅವರ ಮೂಲಕ ಮುಂದುವರಿಯಿತು. ಅವನ ಹೆಸರು ಸದಾನಂದ, ಉಡುಪಿಯ ಹತ್ತಿರದ ಮಲ್ಪೆಯವನು, ಮೀನು ಹಿಡಿಯುವ ಮೊಗವೀರ. ಅಲ್ಲಿ ಐಸ್ ಪ್ಲಾಂಟಿನಲ್ಲಿ ಇದ್ದವನು.

'ಮಲ್ಪೆಯಲ್ಲಿ ಮೀನಿಗೆ ಐಸ್ ಮಾಡ್ತಿದ್ದೆ. ಇಲ್ಲಿ ಹೆಂಗಸರಿಗೆ ಮಾಡ್ತೇನೆ.'

'ಎರಡೂ ಕೆಡಬಾರದಲ್ಲ,' ಎಂದಳು ಆಪಾ ಬೇರೆ ಕಡೆ ನೋಡುತ್ತ.

ಅವನಿಗೆ ಒಳಗಿನ ಸುದ್ದಿಯೆಲ್ಲ ಗೊತ್ತಿತ್ತು. ಸ್ಕೇಟಿಂಗ್ ಮಾತ್ರ ಎಂದು ಹೇಳಿ ನಾವು ಹಾಕಿ ಆಡುತ್ತೇವೆ ಎಂಬುದು, ಗೋಲ್ ಕಂಬದ ಬದಲು ಬಕೆಟ್ ಇಡುತ್ತೇವೆ ಎಂಬುದು. ಬಕೆಟಿನ ವಿಷಯ ಅವನಿಗೆ ಸಹಿಸಲಾಗಲಿಲ್ಲ. 'ಎಂತ ಅವಮಾನ! ಒಳಗೆ ನಮ್ಮ ಊರಿನವರು ಇದ್ದು, ಹೊರಗೆ ಮೊಗವೀರ ಇದ್ದು, ಬಕೆಟಿಗೆ ಗೋಲ್ ಹೊಡೆಯುವುದಾ?'

ಮುಂದಿನ ಗುರುವಾರ ಅವನು ನೀರಿನ ಪೈಪುಗಳಿಂದ ಚೌಕಟ್ಟು ಮಾಡಿ, ಮೀನು ಮಾರುಕಟ್ಟೆಯ ನೈಲಾನ್ ಹುರಿಯಿಂದ ಬಲೆ ಹೆಣೆದು ಉಮ್ಮ್ ಸಾಲೆಹ್ ಕೈಯಲ್ಲಿ ಒಳಗೆ ಕಳಿಸಿದ. ಇದರಲ್ಲಿ ಅಂಜಲ್ ಮೀನೂ ತಪ್ಪಿಸಿಕೊಳ್ಳುವುದಿಲ್ಲ ಎಂದು ಹೇಳಿಯೂ ಕಳಿಸಿದ. ಬಲೆಯನ್ನು ಚೌಕಟ್ಟಿಗೆ ಗಂಟು ಹಾಕಿ ಕಟ್ಟಬೇಕು, ಆಟ ಮುಗಿದ ಮೇಲೆ ಬಿಚ್ಚಿ ಸುತ್ತಿಡಬೇಕು. ಪಾರ್ಕಿನ ಮ್ಯಾನೇಜರಿಗೆ ಹಾಕಿ ಎಂದರೆ ಆಗದು. ಕಣ್ಣಿಗೆ ಬಿದ್ದರೆ ಗುರುವಾರವೇ ರದ್ದು. ಸದಾನಂದ ದೂಲ್ಹಾಭಾಯಿಯ ಹತ್ತಿರ ಹೇಳಿದ್ದ: 'ಮ್ಯಾನೇಜರ್ ಒಳಗೆ ನೋಡಿಸ್ಲಿಕ್ಕೆ ಅವನ ಹೆಂಡತಿಯನ್ನು ಕರೆದುಕೊಂಡು ಬರ್ತಾನೆ ಅಂತಾದರೆ ನಾನು ಬಾಗಿಲು ಬಡಿದು ಹೇಳ್ತೇನೆ. ಕೋಲು ಆಮೇಲೆ ಅಡಗಿಸಿ. ಮೊದಲು ಬಲೆ ಬಿಚ್ಚಿ.'

ಗುರುವಾರ

ಇನ್ನು ಬರೆಯುವುದನ್ನು ನಾನು ಎಷ್ಟೋ ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆ. ತಟ್ಟೆ ತೊಳೆಯುವಾಗ, ಬಸ್ಸಿನಲ್ಲಿ. ಪ್ರತಿ ಸಲವೂ ಆಪಾ ಬಾಗಿಲ ಕಡೆ ಸ್ವಲ್ಪ ದೂರ ಬರುತ್ತಾಳೆ, ನಿಲ್ಲುತ್ತಾಳೆ, ತಿರುಗುತ್ತಾಳೆ.

ಬಲೆ ಬಂದ ಮೇಲಿನ ಒಂದು ಗುರುವಾರ ಆಟ ಜೋರಾಗಿ ನಡೆದಿತ್ತು. ಏನೋ ವಾಸನೆ ಇತ್ತು. ಉಮ್ಮ್ ಸಾಲೆಹ್ ಆಗ ತಾನೇ ನೆಲ ಒರೆಸಿ ನೀರಿನ ಬಾನಿಯನ್ನು ಬಾಗಿಲ ಹತ್ತಿರ ಇಟ್ಟಿದ್ದಳು. ಅವಳು ಒರೆಸುವ ನೀರಿಗೆ ಹಾಕುವ ಔಷಧದ ವಾಸನೆ ಎಂದುಕೊಂಡೆ. ಬಾಗಿಲು ಬಡಿದ ಸದ್ದಾಯಿತು. ಎಂದಿನಂತೆ ಯಾರೂ ತಲೆ ಎತ್ತಲಿಲ್ಲ. ಬಡಿತ ನಿಲ್ಲಲಿಲ್ಲ. ಕಬ್ಬಿಣದ ಬಾಗಿಲು, ಯಂತ್ರದ ಗುಡುಗುಡು, ಅದರ ನಡುವೆ ಸದಾನಂದನ ದನಿ. ನನಗೆ ಕೇಳಿಸಿದ್ದು ಒಂದೇ ಮಾತು.

'ಬಲೆ! ಬಲೆ! ಬಲೆ!'

ನಾನೇ ಮೊದಲು ಎದ್ದೆ. ಆಪಾಗೂ ಕೇಳಿಸಿತ್ತು. ಮ್ಯಾನೇಜರ್ ಬರುತ್ತಿದ್ದಾನೆ ಎಂದು ಜೋನ್‌ಗೆ ಕೂಗಿ ಹೇಳಿದಳು. ಎಲ್ಲರೂ ಕೋಲು ಹಿಡಿದುಕೊಂಡು ಬಟ್ಟೆ ಕೋಣೆಯ ಕಡೆ ಬಂದರು. ಆಪಾನೂ ಬರುತ್ತಿದ್ದವಳು ನಿಂತಳು, ತಿರುಗಿದಳು, ಆ ತುದಿಯ ಗೋಲಿಗೆ ಹೋಗಿ ಮೊಣಕಾಲೂರಿ ಗಂಟು ಬಿಚ್ಚತೊಡಗಿದಳು. ಗೋಲಿನ ಹಿಂದೆ ಯಂತ್ರದ ಕೋಣೆಯ ಬಾಗಿಲು. ಅದರ ಕೆಳಗಿನ ಸಂದಿನಿಂದ ಬೆಳ್ಳಗೆ ಹೊಗೆಯಂಥದು ಹೊರಟು ಐಸಿನ ಮೇಲೆ ಮಟ್ಟಸವಾಗಿ ಹರಡಿತು. ದರ್ಗಾದ ಲೋಬಾನದ ಧೂಪದ ಹಾಗೆ ಚೆಂದ ಕಾಣುತ್ತಿತ್ತು. ಒಂದು ಗಳಿಗೆ ನಾನು ಅದನ್ನು ಸುಮ್ಮನೆ ನೋಡಿದೆ.

ಆಮೇಲೆ ಯಾರೋ ಗಂಟಲೊಳಗೆ ಒಣಮೆಣಸಿನಕಾಯಿ ಹುರಿದಂತಾಯಿತು. ಕಣ್ಣು ಮುಚ್ಚಿಕೊಂಡವು. ಎಲ್ಲರೂ ಕೆಮ್ಮತೊಡಗಿದರು. ಉಮ್ಮ್ ಸಾಲೆಹ್ ಚಿಲಕ ತೆಗೆದಳು. ಕೈಗೆ ಸಿಕ್ಕ ಅಬಾಯಾ ಎಳೆದುಕೊಂಡು ಹುಡುಗಿಯರು ಹೊರಗೆ ಓಡಿದರು. ನಾನು ಹಿಂದೆ ನೋಡಿದೆ. ಆಪಾ ಏಳಲು ಹೋದಳು, ಆಗಲಿಲ್ಲ. ಮತ್ತೆ ಎದ್ದಳು, ಬಿದ್ದಳು. ಜೋನ್ ಅವಳ ಕಡೆ ಹೊರಟು ಅರ್ಧ ದಾರಿಯಿಂದ ಕುರುಡಿಯಂತೆ ಗೋಡೆ ತಡಕುತ್ತ ಮರಳಿದಳು.

ಸದಾನಂದ ಹೊಸ್ತಿಲಿನ ಹೊರಗೆ ನಿಂತಿದ್ದ. ಒಳಗೆ ಕಾಲಿಡಲಿಲ್ಲ.

'ಎಲ್ಲರೂ ಬಂದರಾ? ಯಾರಾದರೂ ಉಳಿದಿದ್ದಾರಾ?'

'ಆಪಾ ಅದಾಳ. ಬಲಿ ತರಾಕ ಹೋಗ್ಯಾಳ.'

'ಬಲೆಯಾ? ಎಂತ ಬಲೆ? ಯಾರು ತರ್ಲಿಕ್ಕೆ ಹೇಳಿದ್ದು?'

'ನೀವಽ ಒದರಿದ್ರಲ್ಲ!'

ಅವನು ನನ್ನ ಮುಖ ನೋಡಿದ. ಅವನ ಮುಖದ ಅರ್ಥ ನನಗೆ ಆಗ ಆಗಲಿಲ್ಲ. ಹೊಸ್ತಿಲ ಕಡೆ ನೋಡಿದ, ಉಮ್ಮ್ ಸಾಲೆಹ್ ಕಡೆ ನೋಡಿದ. ಹೆಂಗಸರ ಹೊತ್ತಿನಲ್ಲಿ ಒಳಗೆ ಹೋದ ಗಂಡಸಿಗೆ ಏನಾಗುತ್ತದೆ ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಮುದುಕಿ ತನ್ನ ಅಬಾಯಾ ಕಳಚಿದಳು. ಬಾನಿಯ ನೀರಿನಲ್ಲಿ ಅದ್ದಿ ಎತ್ತಿ, ಸುರಿಯುತ್ತಿರುವಂತೆಯೇ ಅವನ ತಲೆಯ ಮೇಲೆ ಹಾಕಿ ಏನೋ ಹೇಳಿ ಬೆನ್ನಿಗೆ ಗುದ್ದಿದಳು. ಅದು ಏನೆಂದು ಹುದಾ ಆಮೇಲೆ ಹೇಳಿದಳು: 'ಮುಗಿಯಿತು. ಈಗ ನೀನೂ ಹೆಂಗಸು. ಹೋಗು.'

ಅವನು ಬಗ್ಗಿ ಓಡಿದ. ಐಸಿನ ಮೇಲೆ ಬಿದ್ದ, ಆಮೇಲೆ ಏಳಲಿಲ್ಲ, ಕೈಕಾಲೂರಿ ಹೋದ. ಆಪಾನ ಸ್ಕೇಟಿನ ಅಲಗು ಬಲೆಯ ಕಣ್ಣಿನಲ್ಲಿ ಸಿಕ್ಕಿಕೊಂಡಿತ್ತು. ಎದ್ದಾಗಲೆಲ್ಲ ಅದು ಅವಳನ್ನು ಬೀಳಿಸುತ್ತಿತ್ತು. ಅವನು ಅದನ್ನು ಬಿಡಿಸಲು ನೋಡಲಿಲ್ಲ. ಉಳಿದ ಗಂಟುಗಳನ್ನು ಚಾಕುವಿನಿಂದ ಕೊಯ್ದು, ಬಲೆಯ ತುದಿಯ ಹಗ್ಗವನ್ನು ಭುಜಕ್ಕೆ ಸುತ್ತಿಕೊಂಡು ಎಳೆದ. ಕಪ್ಪು ಬಟ್ಟೆ ಹೊದ್ದ ಒಂದು ಆಕೃತಿ ಮುಂದೆ ತೆವಳುತ್ತ, ಹಿಂದೆ ಬಲೆಯಲ್ಲಿ ನನ್ನ ಅಕ್ಕ, ಮಲಗಿದಲ್ಲೇ, ಸದ್ದಿಲ್ಲದೆ ಜಾರುತ್ತ. ಅಂಚಿಗೆ ಬಂದಾಗ ಜೋನ್ ಮತ್ತು ನಾನು ಬಲೆಯ ಎರಡು ಬದಿ ಹಿಡಿದು ಹೊರಗೆ ತಂದೆವು.

ಬಿಸಿಲಿನಲ್ಲಿ ಉಮ್ಮ್ ಸಾಲೆಹ್ ಆಪಾನ ಮುಖಕ್ಕೆ ನೀರು ಸುರಿಯುತ್ತಲೇ ಇದ್ದಳು. ಮುದುಕಿಯ ಬಿಳಿ ತಲೆ ಬರಿದಾಗಿತ್ತು. ಆಪಾ ಉಸಿರಾಡುತ್ತಿದ್ದಳು. ಕಣ್ಣು ತೆರೆಯುತ್ತಿರಲಿಲ್ಲ.

ಆಸ್ಪತ್ರೆ

ಜೀವಕ್ಕೆ ಭಯವಿಲ್ಲ ಎಂದು ಈಜಿಪ್ಟಿನ ಡಾಕ್ಟರಮ್ಮ ಮರುದಿನ ಹೇಳಿದಳು. ಕಣ್ಣಿನ ಬಗ್ಗೆ ಏನೂ ಹೇಳಲಿಲ್ಲ. ಇನ್‌ಷಾ ಅಲ್ಲಾ ಎಂದಳು. ಅಲ್ಲಿ ಆ ಮಾತನ್ನು ಕಾರು ರಿಪೇರಿಗೂ ಹೇಳುತ್ತಾರೆ, ಕಣ್ಣಿಗೂ ಹೇಳುತ್ತಾರೆ. ಯಾವುದಕ್ಕೆ ಎಷ್ಟು ಭರವಸೆ ಎಂದು ದನಿಯಿಂದ ತಿಳಿಯಬೇಕು. ನನಗೆ ತಿಳಿಯಲಿಲ್ಲ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು.

ಸದಾನಂದ ದೂಲ್ಹಾಭಾಯಿಯ ಜೊತೆ ಕಾರಿಡಾರಿನವರೆಗೆ ಬಂದ. ಅವನ ಕಣ್ಣೂ ಕೆಂಪಾಗಿತ್ತು, ದನಿ ಬಿದ್ದಿತ್ತು.

'ಅಮೋನಿಯಾ ಪೈಪಿನ ಜಾಯಿಂಟ್ ಬಿಟ್ಟಿತ್ತು. ನಾನು ಗ್ಯಾಸ್ ಗ್ಯಾಸ್ ಅಂತಲೂ ಕೂಗಿದೆ. ಆಮೇಲೆ ಬಾಯಿಗೆ ತುಳುವೇ ಬಂತು. ನಮ್ಮಲ್ಲಿ ಬಲೆ ಅಂದರೆ ಬನ್ನಿ ಅಂತ. ಬನ್ನಿ, ಬನ್ನಿ, ಹೊರಗೆ ಬನ್ನಿ.' ಕೆಂಪು ಕಣ್ಣು ಒರೆಸಿಕೊಂಡು ಹೇಳಿದ: 'ಮೀನಿನ ಬಲೆಗೂ ಬಲೆಯೇ. ಅದು ನೆನಪೇ ಆಗ್ಲಿಲ್ಲ ನೋಡಿ.'

ಒಳಗೆ ಹೋಗಿ ಇದನ್ನು ಆಪಾಗೆ ಹೇಳಿದೆ. ಪಟ್ಟಿಯ ಕೆಳಗೆ ತುಟಿ ಮಾತ್ರ ಕಾಣುತ್ತಿತ್ತು. 'ಬರ್ರಿ ಅಂದ್ರ ನಾ ಹೋದೆ,' ಎಂದಳು ಗೊಗ್ಗರು ದನಿಯಲ್ಲಿ.

ಪಾರ್ಕಿನವರು ವಿಚಾರಣೆ ಮಾಡಿದರು. ಉಮ್ಮ್ ಸಾಲೆಹ್ ಆಣೆ ಮಾಡಿ ಹೇಳಿದಳು: ಗಂಡಸು ಯಾರೂ ಒಳಗೆ ಬರಲಿಲ್ಲ, ಅಬಾಯಾ ತೊಟ್ಟ ಒಬ್ಬ ದಪ್ಪ ಹೆಂಗಸು ಹೋಗಿ ಎಳೆದು ತಂದಳು. ಹುದಾ, ಜೋನ್, ನಾನು, ಎಲ್ಲರೂ ಹಾಗೆಯೇ ಕಂಡೆವು ಎಂದೆವು. ಕಂಡದ್ದೂ ಹಾಗೆಯೇ. ಆ ದಪ್ಪ ಹೆಂಗಸು ಯಾರೆಂದು ಮ್ಯಾನೇಜರ್ ಕೇಳಿದ. ಗೊತ್ತಿಲ್ಲ, ಒಳ್ಳೆಯ ಮನೆತನದವಳಿರಬೇಕು ಎಂದಳಂತೆ ಮುದುಕಿ.

ಯಂತ್ರ ನಿಲ್ಲಿಸಿದ ಮೇಲೆ ಐಸು ಕರಗಿತು. ಗುರುವಾರದ ಹೊತ್ತು ರದ್ದಾಯಿತು. ಜೋನ್ ಆಸ್ಪತ್ರೆಗೆ ಬಂದು ಆಪಾನ ಹಾಸಿಗೆಯ ಅಂಚಿನಲ್ಲಿ ಕುಳಿತಳು. 'ನಮ್ಮ ತಂಡದ ಚರಿತ್ರೆ ಇಷ್ಟು ಬೇಗ ಮುಗಿಯುತ್ತದೆ ಎಂದುಕೊಂಡಿರಲಿಲ್ಲ,' ಎಂದಳು. ಹೇಳಿ, ಆಪಾನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

ಅಬ್ಬಾ ಹಗಲೆಲ್ಲ ಕಾರಿಡಾರಿನಲ್ಲಿ ಕೂರುತ್ತಿದ್ದರು. ಒಳಗೆ ಬಂದು ಮಗಳ ತಲೆ ಸವರಿ ಮತ್ತೆ ಹೊರಗೆ ಹೋಗುತ್ತಿದ್ದರು. ಪಟ್ಟಿ ಬಿಚ್ಚುವುದಕ್ಕೆ ಮೊದಲು ಇನ್ನೊಂದು ಉಮ್ರಾ ಮಾಡಿ ಬರುತ್ತೇನೆ ಎಂದು ದೂಲ್ಹಾಭಾಯಿಯ ಜೊತೆ ಮಕ್ಕಾಕ್ಕೆ ಹೋದರು. ಉಮ್ರಾದ ಕೊನೆಗೆ ಕೂದಲು ತೆಗೆಸುವುದು ನಿಯಮ; ಮೊದಲ ಸಲ ತುದಿ ಮಾತ್ರ ಕತ್ತರಿಸಿಕೊಂಡಿದ್ದವರು ಈ ಸಲ ತಲೆ ನುಣ್ಣಗೆ ಬೋಳಿಸಿಕೊಂಡು ಬಂದರು. ಗಡ್ಡ ಬಿಟ್ಟರೆ ಮುಖದಲ್ಲಿ ನಮ್ಮ ಗುರುತಿನದು ಏನೂ ಉಳಿದಿರಲಿಲ್ಲ. ಅದನ್ನು ಆಪಾಗೆ ಹೇಳಲು ನಾನು ಮರೆತೆ.

ಪಟ್ಟಿ ಬಿಚ್ಚುವಾಗ ಅಬ್ಬಾ ಒಳಗೆ ಬರಲು ಒಪ್ಪಲಿಲ್ಲ. ಬಾಗಿಲ ಗಾಜಿನಾಚೆ ನಿಂತರು. ಡಾಕ್ಟರಮ್ಮ ಪರದೆ ಎಳೆದು ಕೋಣೆ ಮಬ್ಬು ಮಾಡಿದಳು. ಸುರುಳಿ ಸುರುಳಿಯಾಗಿ ಬಿಚ್ಚಿ, ಹತ್ತಿ ತೆಗೆದು, ಹನಿ ಹಾಕಿ, ನಿಧಾನವಾಗಿ ತೆರೆ ಎಂದಳು. ಆಪಾ ತೆರೆದಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು. ನನ್ನ ಕಡೆ ತಿರುಗಲಿಲ್ಲ. ಡಾಕ್ಟರಮ್ಮನ ಕಡೆಯೂ ತಿರುಗಲಿಲ್ಲ. ಎದುರಿಗೆ ಎಲ್ಲೋ ನೋಡುತ್ತಿದ್ದಳು. ಏನು ಕಾಣುತ್ತದೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

'ಏ,' ಎಂದಳು ಆಪಾ, ನಮ್ಮ ಗುಟ್ಟಿನ ಭಾಷೆಯಲ್ಲಿ. 'ಆ ಬೋಳುತಲಿ ಮುದುಕ ಯಾರ? ಹೆಂಗಸರ ವಾರ್ಡಿನಾಗ ಇಣಕಿ ಇಣಕಿ ನೋಡಾಕಹತ್ತ್ಯಾನ.'

ನಾನು ಹೋಗಿ ಬಾಗಿಲು ತೆರೆದೆ.

'ಅಬ್ಬಾ, ಒಳಗ ಬರ್ರಿ.'